ಬಟು ಕೇವ್ಸ್ ಮೆಟ್ಟಿಲಲ್ಲಿ ಒಂದು ಪಂದ್ಯ

ಕೌಲಾಲಂಪುರದ ಒಂದೇ ಫ್ಲ್ಯಾಟಿನಲ್ಲಿರುವ ಕನ್ನಡದ ಹುಡುಗರು ವಾರವೆಲ್ಲ ಪಾತ್ರೆ ತೊಳೆಯುವ ಸರದಿ ಯಾರದೆಂದು ಜಗಳವಾಡುತ್ತಾರೆ. ಭಾನುವಾರ ಮಾತ್ರ ಒಡಹುಟ್ಟಿದವರಂತೆ ಒಟ್ಟಿಗೆ ಹೊರಡುತ್ತಾರೆ. ಹೊರಟ ಮೇಲೆ ಮತ್ತೆ ಪೈಪೋಟಿ!

ಕೆಎಲ್ ಸೆಂಟ್ರಲ್‌ನಲ್ಲಿ ಕೊಮ್ಯೂಟರ್ ರೈಲು ಹತ್ತಿದರೆ ನೇರ ಬಟು ಕೇವ್ಸ್. ಎದುರಿಗೆ 2006ರಲ್ಲಿ ಅನಾವರಣಗೊಂಡ 42.7 ಮೀಟರ್ ಎತ್ತರದ ಹೊಂಬಣ್ಣದ ಮುರುಗನ ಪ್ರತಿಮೆ. ಪಕ್ಕದಲ್ಲಿ ಗುಹಾದೇವಾಲಯಕ್ಕೆ ಏರುವ 272 ಮೆಟ್ಟಿಲು. 2018ರಲ್ಲಿ ಅವಕ್ಕೆ ಕಾಮನಬಿಲ್ಲಿನ ಬಣ್ಣ ಬಳಿದಿದ್ದಾರೆ. ಬಣ್ಣ ಬಳಿದರೇನು, ಏರು ಏರೇ. ಕೊನೆಗೆ ಮುಟ್ಟಿದವನು ಎಲ್ಲರಿಗೂ ಇಲ್ಲಿನ ನೊರೆ ಚಹಾ ತೆಹ್ ತಾರಿಕ್ ಕುಡಿಸಬೇಕೆಂಬುದು ಪಂದ್ಯ.

"ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೋನು ಕಣ್ರೋ ನಾನು" ಎಂದು ಮೈಸೂರಿನವನು ಗತ್ತಿನಿಂದ ಪ್ಯಾಂಟ್ ಮಡಚಿದ. ಅರ್ಧಕ್ಕೆ ಬರುವಷ್ಟರಲ್ಲಿ ಅಂಗಿ ಹಿಂಡಿದರೆ ಬಕೆಟ್ ತುಂಬುವಂತಿತ್ತು. ಚಾಮುಂಡಿಗೆ ಮುಂಜಾನೆಯ ತಂಪುಂಟು, ಇಲ್ಲಿ ವರ್ಷವಿಡೀ ಏಪ್ರಿಲ್. "ಯಾಕಲೇ, ಕುಂತಿ?" ಎನ್ನುತ್ತ ಹುಬ್ಬಳ್ಳಿಯವನು ದಾಟಿ ಹೋದ. ಮಂಗಳೂರಿನವನಿಗೆ ಈ ಸೆಕೆ ತವರಿನದೇ, ನ್ಯಾಯವಾಗಿ ಅವನೇ ಗೆಲ್ಲಬೇಕಿತ್ತು. ಅಷ್ಟರಲ್ಲಿ ಕೋತಿಯೊಂದು ಅವನ ಬಾಳೆಹಣ್ಣಿನ ಚೀಲ ಕಸಿದುಕೊಂಡು ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿತು.

ತೀರ್ಪು ನಡೆದದ್ದು ಭಾರತೀಯ ಮೂಲದ ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ. ಮಂದ ಹಾಲಿನ ಚಹಾವನ್ನು ಎರಡು ಮಗ್ಗುಗಳ ನಡುವೆ ಎತ್ತರದಿಂದ ಸುರಿದು ನೊರೆ ಬರಿಸುವ ಅಂಗಡಿಯವನ ಕೈಚಳಕದ ಮುಂದೆ ಎಲ್ಲರ ವಾದವೂ ನಿಂತಿತು. ಬಿಲ್ಲು ಮೈಸೂರಿನವನದೇ.

ನೀವೂ ಹೋದರೆ ಧಾರಾಳವಾಗಿ ಪಂದ್ಯ ಕಟ್ಟಿ. ಕೈಯಲ್ಲಿ ತಿಂಡಿ ಮಾತ್ರ ಹಿಡಿಯಬೇಡಿ.