ಮೈಲೂರಿನ ಟರ್ಬೊ ಮಾಮಾ

ಬೀದರಿನ ಮೈಲೂರ ಕ್ರಾಸಿಗೆ ಒಂದು ಬಿಳಿ ಸ್ವಿಫ್ಟ್ ಡೀಸೆಲ್ ಬಂದು ನಿಂತಿದೆ, ಬಾಗಿಲು ತೆರೆದಿಲ್ಲ, ಇಂಜಿನ್ ಬಂದ್ ಆಗಿಲ್ಲ, ಒಳಗಿನ ನಾಲ್ಕು ಮಂದಿ ಬೆವರು ಒರೆಸಿಕೊಳ್ಳುತ್ತ ಸುಮ್ಮನೆ ಕೂತಿದ್ದಾರೆ ಅಂದರೆ ಗಾಬರಿಯಾಗಬೇಡಿ. ಅದು ಟರ್ಬೊ ಮಾಮಾನ ಗಾಡಿ. ಟರ್ಬೊ ತಣ್ಣಗಾಗುತ್ತಿದೆ. ಮಂದಿಯ ಸರದಿ ಆಮೇಲೆ.

ಇಂಥವರು ಈಗ ಭಾಲ್ಕಿಯಲ್ಲೂ ಇದ್ದಾರೆ, ಔರಾದಿನಲ್ಲೂ ಇದ್ದಾರೆ. ನಲವತ್ತು ದಾಟಿರುತ್ತದೆ, ಹೊಟ್ಟೆಪಾಡು ಬೇರೆಲ್ಲೋ ಇರುತ್ತದೆ. ನಮ್ಮ ಮಾಮಾನದು ಬೀಜ-ಗೊಬ್ಬರದ ಅಂಗಡಿ. ಆದರೆ ಬಲಗೈ ಹೆಬ್ಬೆರಳ ಉಗುರಿನಲ್ಲಿ ಸದಾ ಒಂದು ಕರಿ ಗೆರೆ. ಕಂಡಕಂಡವರ ಗಾಡಿಯ ಬಾನೆಟ್ ಎತ್ತಿಸಿ, ಗೇಜ್ ಕಡ್ಡಿ ಎಳೆದು, ಆಯಿಲನ್ನು ಬೆರಳಿಗೆ ಹಚ್ಚಿ ತಿಕ್ಕಿ, ಮೂಗಿಗೆ ಹಿಡಿದು, ನಿಟ್ಟುಸಿರು ಬಿಡುವುದು ಅವರ ರೂಢಿ. ‘ಹ್ಯಾಂಗಿದ್ದೀರಿ ಮಾಮಾ?’ ಅಂತ ಕೇಳಿದರೆ, ‘ನಾ ಆರಾಮ ಇದ್ದೀನಿ ತಮ್ಮಾ. ಆಯಿಲ್ ಜರಾ ತೆಳ್ಳಗ ಆಗ್ಯಾದ’ ಅನ್ನುತ್ತಾರೆ.

ಮೊದಲು ಹೀಗಿರಲಿಲ್ಲ. 1248 ಸಿಸಿಯ ಆ ಇಂಜಿನ್ ಕಂಪನಿಯಿಂದ ಬಂದಾಗ ಅದರಲ್ಲಿದ್ದದ್ದು 75 ಕುದುರೆ. ಅವು ಯಾರ ತಂಟೆಗೂ ಹೋಗದೆ ಗೊಬ್ಬರದ ಸ್ಯಾಂಪಲ್ ಚೀಲ ಹೊತ್ತುಕೊಂಡು ಓಡಾಡಿಕೊಂಡಿದ್ದವು. ಒಂದು ದಿನ ಮಾಮಾ ಹೈದರಾಬಾದಿಗೆ ಹೋಗಿ ರಿಮ್ಯಾಪ್ ಮಾಡಿಸಿಕೊಂಡು ಬಂದರು. ಲ್ಯಾಪ್‌ಟಾಪ್ ಹಚ್ಚಿ, ಟರ್ಬೊದ ಗಾಳಿ ಒತ್ತಡ ಏರಿಸಿ, ಡೀಸೆಲ್ ಹೆಚ್ಚು ಬಿಟ್ಟು, ಕುದುರೆಗಳನ್ನು ನೂರರ ಹತ್ತಿರ ತಂದರಂತೆ. ಕುದುರೆ ಹೆಚ್ಚಿದ ಸಂತೋಷ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಜಹೀರಾಬಾದ್ ದಾಟುವಷ್ಟರಲ್ಲಿ ಚಿಂತೆ ಹತ್ತಿತ್ತು: ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಬೆಂಕಿ, ಆ ಬೆಂಕಿ ಬೀಳುವುದು ಪಿಸ್ಟನ್ನಿನ ತಲೆಯ ಮೇಲೆ. ಅಂದಿನಿಂದ ಅವರಿಗೆ ಒಂದೇ ಕೆಲಸ, ತಾವು ದುಡ್ಡು ಕೊಟ್ಟು ಹಚ್ಚಿಸಿದ ಬೆಂಕಿಯನ್ನು ಮತ್ತೆ ದುಡ್ಡು ಕೊಟ್ಟು ಆರಿಸುವುದು.

‘ಎಲ್ಲಾರೂ ರೇಡಿಯೇಟರ್ ನೋಡ್ತಾರ,’ ಅಂತ ಚಹಾದಂಗಡಿಯಲ್ಲಿ ಶುರುವಾಗುತ್ತದೆ. ‘ನೀರು ಸಿಲಿಂಡರಿನ ಹೊರಗ ತಿರಗತದ. ಪಿಸ್ಟನ್ ಒಳಗ ಒಬ್ಬಂವೇ ಮ್ಯಾಲ ಕೆಳಗ ಓಡ್ಲತ್ತಾನ. ಅವನ ಹತ್ರ ನೀರು ಹೋಗತದೇನು? ಅವನಿಗಿ ಯಾರ್ ದಿಕ್ಕು?’

ಮಾತು ಖರೆ, ಅದೇ ತೊಂದರೆ. ಬಡಾಯಿ ಅಂತ ಎದ್ದು ಹೋಗುವಂತಿಲ್ಲ. ಪಿಸ್ಟನ್ನಿನ ಸೆಕೆಯಲ್ಲಿ ಒಂದಷ್ಟು ರಿಂಗುಗಳ ಮೂಲಕ ಸಿಲಿಂಡರಿನ ಗೋಡೆಗೆ ಹೋಗುತ್ತದೆ, ಉಳಿದದ್ದಕ್ಕೆ ಆಯಿಲೇ ದಿಕ್ಕು. ಸಿಲಿಂಡರಿನ ಬುಡದಲ್ಲಿ ಪಿಸ್ಟನ್ನಿಗೊಂದರಂತೆ ಸಣ್ಣ ಜೆಟ್ ಇರುತ್ತದೆ, ಕೆಳಗಿನಿಂದ ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸುತ್ತದೆ. ಅದು ಕಟ್ಟಿಕೊಂಡರೆ ರಿಂಗಿನ ತೋಡಿನಲ್ಲಿ ಆಯಿಲ್ ಸುಟ್ಟು ಇದ್ದಿಲಾಗಿ ಕೂರುತ್ತದೆ, ರಿಂಗ್ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ ಅಂತ ನಿಶ್ಚಿಂತೆಯಾಗಿ ಕೂರುವಂತಿಲ್ಲ, 300ರ ಆಸುಪಾಸಿನಲ್ಲೇ ಅದರ ಕಸುವು ಇಳಿಯುತ್ತ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಇದಾವುದೂ ಗೊತ್ತಿಲ್ಲ, ಅದು ತೋರಿಸುವುದು ನೀರಿನ ಸೆಕೆ ಮಾತ್ರ. ಹಾಗಾಗಿ ಮಾಮಾ ಆಯಿಲಿಗೆ ಬೇರೆ ಮೀಟರ್ ಕೂರಿಸಿದ್ದಾರೆ, ಮುಂದೆ ಆಯಿಲ್ ಕೂಲರ್ ಕಟ್ಟಿಸಿದ್ದಾರೆ. ಮಿಸ್ತ್ರಿ 20ಡಬ್ಲ್ಯೂ-40 ಸಾಕು ಅಂದರೆ ಕಿವಿ ಮುಚ್ಚಿಕೊಂಡು 5ಡಬ್ಲ್ಯೂ-40 ಸಿಂಥೆಟಿಕ್ಕೇ ತರುತ್ತಾರೆ.

ಮನೆಯವರ ಲೆಕ್ಕ ಬೇರೆ. ‘ಏನ್ರಿ, ಗಾಡಿಗಿ ಎಣ್ಣಿ ಅಂದ್ರ ಸಾವಿರಗಟ್ಲೆ ಬಿಚ್ಚತೀರಿ. ಒಗ್ಗರಣಿಗಿ ಎಣ್ಣಿ ತರ್ರಿ ಅಂದ್ರ ಅರ್ಧ ಲೀಟರ್ ಸಾಕಲ್ಲ ಅಂತೀರಿ.’

ಮಾಮಾನನ್ನು ನೋಡಬೇಕಾದದ್ದು ಲಗ್ನದ ಪಂಕ್ತಿಯಲ್ಲಿ. ದೊಡ್ಡ ಡೀಸೆಲ್ ಇಂಜಿನ್ನುಗಳಲ್ಲಿ ಪಿಸ್ಟನ್ನಿನ ತಲೆಯೊಳಗೇ ಆಯಿಲ್ ಹರಿಯಲು ಒಂದು ಸುತ್ತುದಾರಿ ಇರುತ್ತದೆ. ಹೊರಗಿನಿಂದ ಕೊರೆಯಲಾಗದ ಆ ಪೊಳ್ಳನ್ನು ಮಾಡುವುದು ಉಪ್ಪಿನಿಂದ. ಉಪ್ಪಿನ ಬಳೆಯೊಂದನ್ನು ಅಚ್ಚಿನಲ್ಲಿಟ್ಟು ಸುತ್ತ ಅಲ್ಯೂಮಿನಿಯಂ ಎರೆದು, ಆರಿದ ಮೇಲೆ ನೀರು ಹಾಯಿಸಿ ಉಪ್ಪನ್ನು ಕರಗಿಸಿ ತೆಗೆಯುತ್ತಾರೆ. ಹೋದ ಬೇಸಿಗೆಯ ಲಗ್ನವೊಂದರಲ್ಲಿ ಮಾಮಾ ಇದನ್ನು ಪಕ್ಕದಲ್ಲಿ ಕೂತ ಬೀಗರ ಕಡೆಯವರಿಗೆ ಮಾಡಿಯೇ ತೋರಿಸಿದರು. ಅದೂ ಅವರದೇ ತಾಟಿನಲ್ಲಿ. ಉಪ್ಪನ್ನು ಬೆರಳಿನಿಂದ ದುಂಡಗೆ ಬಳೆ ಮಾಡಿ, ಅದರ ಮೇಲೆ ಶಿರಾ ಒತ್ತಿ, ‘ಉಪ್ಪು ಕರಗೋದು 801 ಡಿಗ್ರಿಗಿ, ಅಲ್ಯೂಮಿನಿಯಂ 660ಕ್ಕ. ಅದಕ್ಕ ಕಾದ ಅಲ್ಯೂಮಿನಿಯಮ್ಮಿಗೂ ಉಪ್ಪು ಜಗ್ಗಂಗಿಲ್ಲ. ಈಗ ನೋಡ್ರಿ’ ಅಂತ ಲೋಟದ ನೀರು ಸುರಿದರು. ಉಪ್ಪು ಕರಗಿತು. ಶಿರಾ ತೇಲಿತು. ಬೀಗರ ಕಡೆಯವರು ಎಷ್ಟು ಸಭ್ಯರೆಂದರೆ, ‘ಆಯಿಲ್ ಯಾವ ಕಡಿಂದ ಹೋಗತದ್ರಿ?’ ಅಂತ ಕೇಳಿದರು. ಕೇಳಬಾರದಿತ್ತು.

ಪರ ಊರಿನ ನೆಂಟರು ಬಂದರೆ ನೌಬಾದಿನ ಸುರಂಗ ಬಾವಿಗೆ ಕರೆದೊಯ್ಯುತ್ತಾರೆ. ಬಹಮನಿ ಕಾಲದ ಕರೇಜ್, ನೆಲದಡಿ ನೀರಿನ ದಾರಿ, ನಡುನಡುವೆ ಮೇಲಕ್ಕೆ ಕಂಡಿಗಳು. ನೆಂಟರು ಇತಿಹಾಸ ಕೇಳಲು ಕಿವಿಗೊಟ್ಟರೆ ಮಾಮಾ ಹೇಳುವುದು ಇಷ್ಟು: ‘ಇದು ಮೇನ್ ಆಯಿಲ್ ಗ್ಯಾಲರಿ. ಆ ಕಂಡಿ ಅವಲ್ಲ, ಅಲ್ಲಿ ಜೆಟ್ ಅದಾವ ಅಂತ ತಿಳೀರಿ.’ ಬೀದರ್ ವಾಯುನೆಲೆಯ ಸೂರ್ಯಕಿರಣ ತಂಡದ ವಿಮಾನಗಳು ಸಾಲುಗಟ್ಟಿ ತಲೆಯ ಮೇಲೆ ಹಾದುಹೋದಾಗ ಊರೆಲ್ಲ ಕತ್ತೆತ್ತಿ ನೋಡುತ್ತದೆ. ಮಾಮಾ ನೋಡುವುದಿಲ್ಲ. ‘ಏನ್ ನೋಡ್ತಿ? ಅದಕ ಪಿಸ್ಟನ್ನೇ ಇಲ್ಲ.’

ಇಷ್ಟೆಲ್ಲ ಕುದುರೆ ಕಟ್ಟಿಕೊಂಡ ಗಾಡಿ ಓಡುವುದೆಲ್ಲಿ? ಮೈಲೂರಿನಿಂದ ಗುಂಪಾದವರೆಗೆ ಸ್ಪೀಡ್ ಬ್ರೇಕರ್, ಆಟೊ, ಎಮ್ಮೆ. ಮೂರನೇ ಗೇರು ಬೀಳುವುದೇ ಅಪರೂಪ. ಬೆಳಗಿನ ಜಾವ ಮನ್ನಾಏಖೇಳಿಗೆ ಹೋಗಿ ಹೈವೇ ಹತ್ತಿದರೆ ಮಾತ್ರ ಟರ್ಬೊಗೆ ಪೂರಾ ದಮ್ಮು. ಆಗಲೂ ಮಾಮಾನ ಕಣ್ಣು ರಸ್ತೆಗಿಂತ ಆಯಿಲ್ ಮೀಟರಿನ ಮೇಲೇ ಹೆಚ್ಚು, ಮುಳ್ಳು ಜರಾ ಏರಿದರೆ ಕಾಲು ತೆಗೆದುಬಿಡುತ್ತಾರೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದದ್ದೂ ಉಂಟು.

ಓಣಿಯ ಡಿಪ್ಲೊಮಾ ಹುಡುಗನೊಬ್ಬ ಒಮ್ಮೆ ಸಿಕ್ಕಿಸಿದ: ‘ಮಾಮಾ, ಜೆಟ್ಟಿನಾಗ ಸ್ಪ್ರಿಂಗ್ ವಾಲ್ವ್ ಇರ್ತದ, ಪ್ರೆಶರ್ ಕಮ್ಮಿ ಆದ್ರ ಬಂದ್ ಆಗತದ ಅಂದ್ರಿ. ಮತ್ತ ಗಾಡಿ ನಿಂದ್ರಿಸಿ ಸುಮ್ನ ಚಾಲೂ ಇಟ್ಟಾಗ ಪಿಸ್ಟನ್ ಹ್ಯಾಂಗ ತಣ್ಣಗಾಗತದ?’ ಮಾಮಾ ಅವನ ಹೆಗಲ ಮೇಲೆ ಕೈ ಇಟ್ಟರು. ‘ಆವಾಗ ಬೆಂಕೀನೂ ಕಮ್ಮಿ ಇರ್ತದ ಅಳಿಯಾ. ಆ ಟೈಮ್ ಪಿಸ್ಟನ್ನಿಂದಲ್ಲ, ಟರ್ಬೊದ್ದು. ಲಕ್ಷದ ಮ್ಯಾಲ ತಿರಗಿರತದ, ಅದಕೂ ದಮ್ಮು ಬ್ಯಾಡೇನು?’ ಉತ್ತರ ಮತ್ತೆ ಸರಿಯೇ. ಹುಡುಗ ಈಗ ಅವರ ಶಿಷ್ಯ, ಗೇಜ್ ಕಡ್ಡಿ ಒರೆಸುವ ಬಟ್ಟೆ ಅವನ ಕೈಯಲ್ಲಿದೆ.

ಹೋದ ತಿಂಗಳು ಇಂಜಿನ್ನಿನಲ್ಲಿ ಟಿಕ್ ಟಿಕ್ ಕೇಳಿಸಿತು ಅಂತ, ಜೆಟ್ ಬಾಗಿ ಪಿಸ್ಟನ್ನಿಗೆ ಬಡಿಯುತ್ತಿದೆ ಅಂತ, ಹಟ ಹಿಡಿದು ಆಯಿಲ್ ಚೇಂಬರ್ ಬಿಚ್ಚಿಸಿದರು. ಗಾಡಿಯಡಿ ಗೋಣಿಚೀಲ ಹಾಸಿ ಮಲಗಿ, ಹಣೆಯ ಮೇಲೆ ಆಯಿಲ್ ಹನಿಸಿಕೊಳ್ಳುತ್ತ, ಮೊಬೈಲ್ ಬೆಳಕಿನಲ್ಲಿ ಸೂಜಿಗಣ್ಣಿನಷ್ಟು ತೂತಿನ ನಾಲ್ಕೂ ಜೆಟ್ಟುಗಳನ್ನು ಒಂದೊಂದಾಗಿ ನೋಡಿದರು. ನಾಲ್ಕೂ ನೆಟ್ಟಗಿದ್ದವು. ಸಪ್ಪಳ ಬರುತ್ತಿದ್ದದ್ದು ಡಿಕ್ಕಿಯಲ್ಲಿದ್ದ ಆಯಿಲ್ ಡಬ್ಬಿಯ ಮುಚ್ಚಳದಿಂದ. ‘ಗಾಡಿಗಿ ಏನೂ ಆಗಿಲ್ರಿ ಮಾಮಾ’ ಅಂತ ಮಿಸ್ತ್ರಿ ಅಂದಾಗ ಅವರ ಮುಖ ಬಾಡಿದ್ದನ್ನು ನೋಡಿದವರಿದ್ದಾರೆ.

ಈಗ ಎದುರುಮನೆಯವರು ಎಲೆಕ್ಟ್ರಿಕ್ ಕಾರು ತಂದಿದ್ದಾರೆ. ಟರ್ಬೊ ಇಲ್ಲ, ಪಿಸ್ಟನ್ ಇಲ್ಲ, ಗೇಜ್ ಕಡ್ಡಿಯೂ ಇಲ್ಲ. ಎರಡು ದಿನ ಮಾಮಾ ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಅದರ ಪುಸ್ತಕ ಇಸಿದುಕೊಂಡು ಹೋಗಿ ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಹಲ್ಲುಜ್ಜದೆ ಗೇಟಿಗೆ ಬಂದು ನಿಂತರು. ‘ಏನ್ರಿ ಸಾಹುಕಾರ, ಇದರ ಗೇರ್‌ಬಾಕ್ಸಿನಾಗ ಆಯಿಲ್ ಅದ! ನಿಮಗ ಗೊತ್ತದೇನು? ಬಾನೆಟ್ ತಗೀರಿ.’