ಲಾಂಛನಾಚಾರ್ಯರು

ಹಿರಿಯೂರಿನಲ್ಲಿ ದಾಳಿಂಬೆ ಮಂಡಿ ತೆರೆದವರಿಗೂ ಹೊಸದುರ್ಗದಲ್ಲಿ ತೆಂಗಿನಕಾಯಿ ವ್ಯಾಪಾರ ಹಿಡಿದವರಿಗೂ ಚಿತ್ರದುರ್ಗದ ಕೋಟೆಬಾಗಿಲನ್ನೇ ಚಿಹ್ನೆಯಾಗಿ ಬರೆದುಕೊಟ್ಟು, ‘ಇದೇ ನಿಮ್ಮ ವ್ಯಾಪಾರದ ಆತ್ಮ’ ಎಂದು ಗಂಭೀರವದನರಾಗಿ ನುಡಿಯಬಲ್ಲ ಮಹನೀಯರೊಬ್ಬರು ನಮ್ಮ ದುರ್ಗದಲ್ಲಿ ಉಂಟು. ಹುಟ್ಟುಹಬ್ಬ, ಶ್ರದ್ಧಾಂಜಲಿಗಳೆಂಬ ಭೇದವೆಣಿಸದೆ ಫ್ಲೆಕ್ಸ್ ಮುದ್ರಿಸುತ್ತಿದ್ದ ಕಾಲದಲ್ಲಿ ಅವರು ಬರಿಯ ಅಂಗಡಿಯವರು. ‘ಬ್ರ್ಯಾಂಡಿಂಗ್’ ಎಂಬ ಶಬ್ದ ಕಿವಿಗೆ ಬಿದ್ದಂದಿನಿಂದ ಲಾಂಛನಾಚಾರ್ಯರು. ದರವೂ ಬಿರುದಿಗೆ ಅನುಗುಣವಾಗಿ ಏರಿದೆ. ಬಾಗಿಲು ಮಾತ್ರ ಅದೇ. 1933ರ ತರುವಾಯ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, ಇವರ ಫ್ಲೆಕ್ಸಿನಲ್ಲಿ ನೀರು ಧುಮುಕಿದ್ದೂ ಆ ಬಾಗಿಲಿನಿಂದಲೇ.

ಇಂಥವರಲ್ಲಿಗೆ ಬೆಂಗಳೂರಿನಿಂದ ಮರಳಿದ ಮೂವರು ಯುವಕರು, ಕಂಪ್ಯೂಟರುಗಳಿಗೆ ಕನ್ನ ಕೊರೆಯುವವರನ್ನು ತಡೆಯುವ ಸೈಬರ್ ಭದ್ರತಾ ಕಂಪನಿಯೊಂದಕ್ಕೆ ಲಾಂಛನ ಬೇಕೆಂದು ಬಂದರು. ಈ ವ್ಯವಸಾಯದಲ್ಲಿ ಲೋಕವೆಲ್ಲ ಅನುಸರಿಸುವ ಸಂಪ್ರದಾಯವೊಂದುಂಟು: ನೀಲಿ ಬಣ್ಣ, ಅದರ ಮೇಲೊಂದು ಗುರಾಣಿ, ಗುರಾಣಿಯ ಮೇಲೊಂದು ಬೀಗ. ಅದೊಂದು ಬೇಡವೆಂದರು ಯುವಕರು. ಆಚಾರ್ಯರು ಕ್ಷಣಾರ್ಧದಲ್ಲಿ ಏಳು ವೃತ್ತಗಳನ್ನೆಳೆದು, ನಟ್ಟನಡುವೆ ಕಿಂಡಿಯೊಂದನ್ನು ಕೊರೆದು, ಅದರ ಪಕ್ಕದಲ್ಲಿ ಒನಕೆಯನ್ನು ನಿಲ್ಲಿಸಿದರು.

“ಸಾರ್, ಕಿಂಡಿ ಬೇಡ. ಹ್ಯಾಕರ್‌ಗಳು ನುಗ್ಗೋದೇ ಅಲ್ಲಿಂದ.”

“ಕಿಂಡಿ ಇಲ್ಲದಿದ್ರೆ ಓಬವ್ವ ಎಲ್ಲಿ ನಿಲ್ಲಬೇಕಪ್ಪಾ?”

ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಮೊಸರು ಮಾರುವವಳೊಬ್ಬಳು ಕೋಟೆಯ ಕಿಂಡಿಯಲ್ಲಿ ನುಸುಳಿದ್ದನ್ನು ಕಂಡು ಹೈದರಾಲಿಯ ಕಡೆಯವರು ದಾರಿಯನ್ನರಿತರೆಂದೂ, ಕಾವಲಿನ ಮುದ್ದ ಹನುಮ ಊಟಕ್ಕೆ ಕುಳಿತ ಹೊತ್ತಿನಲ್ಲಿ ನೀರಿಗೆ ಬಂದ ಅವನ ಹೆಂಡತಿ ಓಬವ್ವ ಒನಕೆಯೆತ್ತಿದಳೆಂದೂ ನಮ್ಮ ಮಕ್ಕಳೂ ಬಲ್ಲರು. ಏಳು ಸುತ್ತುಗಳಿದ್ದೂ 1779ರಲ್ಲಿ ದುರ್ಗವು ಹೈದರನ ವಶವಾಯಿತಲ್ಲವೆಂದು ಒಬ್ಬನು ಮೆಲ್ಲನೆ ನೆನಪಿಸಲು, ಆಚಾರ್ಯರು, “ಇತಿಹಾಸ ಬೇರೆ, ಬ್ರ್ಯಾಂಡ್ ಬೇರೆ” ಎಂದು ತೀರ್ಪಿತ್ತರು. ಹೊಳಲ್ಕೆರೆಯ ಹುಡುಗ, ಬೆನ್ನ ಮೇಲೆ ಜಡೆಯಿಳಿಬಿಟ್ಟ ತನ್ನೂರಿನ ಬಯಲು ಗಣಪತಿಯನ್ನು ಸೂಚಿಸಿದ. “ಫೈರ್‌ವಾಲ್ ಮಾರೋ ಕಂಪನಿಗೆ ಬಯಲು ದೇವರೇನಪ್ಪಾ!” ಎಂದು ನಕ್ಕು, ಆಚಾರ್ಯರು ಹಸಿವು ತಾಳದೆ, ಎದುರಿನ ಖಾನಾವಳಿಗೆ ಹೊರಟರು. ವಿಘ್ನೇಶ್ವರನಿಗೆ ಇಂಥ ಅಪಮಾನ ಹಿಂದೆಂದೂ ಆಗಿರಲಾರದು.

ಅವರು ಅತ್ತ ತುತ್ತಿಗೆ ಕೈಯಿಡುವುದಕ್ಕೂ ಇತ್ತ ಕಂಪ್ಯೂಟರಿನ ಪರದೆ ಮುಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ಅಂಗಡಿಯ ಹುಡುಗ ಬಾಗಿಲಿಗೆ ಬಂದು, “ಸಾರ್, ಪಾಸ್‌ವರ್ಡ್!” ಎಂದು ಕೂಗಿದನು. ಆಚಾರ್ಯರು ಎಂಜಲುಗೈಯಲ್ಲೇ ಹೊಸ್ತಿಲಿಗೆ ಬಂದು, ನಡುಬೀದಿಯ ಲಾರಿಯ ಸದ್ದನ್ನೂ ಮೀರಿಸಿ ಸಾರಿದರು:

“ಓಬವ್ವ, ಒನ್, ಟು, ತ್ರೀ!”

ಯುವಕರು ಪರಸ್ಪರ ಮುಖ ನೋಡಿಕೊಂಡರು. ಹುಡುಗ ಕೀಲಿ ಒತ್ತಿದ, ಪರದೆ ತೆರೆಯಲಿಲ್ಲ. ಆಗ ಜಗಲಿಯ ಮೇಲೆ ಗಡಿಗೆಯಿಳಿಸಿ ಕುಳಿತಿದ್ದ ಮೊಸರಿನವಳು ತಲೆಯೆತ್ತದೆಯೇ ಅಂದಳು:

“ಫೋರ್ ಬಿಟ್ರಲ್ಲ ಸ್ವಾಮಿ! ನಿನ್ನೆ ಕೂಗ್ದಾಗ ಇತ್ತು.”