ತೆರೆಗೂ ತೆರಿಗೆಗೂ

(ತಾತ ಲೋಕೋಪಯೋಗಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ತಡ ಅಂದರೇನೆಂದು ಅವರಿಗೆ ಹೇಳಿಕೊಡಬೇಕಿಲ್ಲ.)

ತಾತ: ಮುಖ ಯಾಕೋ ಬಾಡಿದೆ, ಪುಟ್ಟ?

ಮೊಮ್ಮಗ: ಹಾಲಿವುಡ್ ‘ಅಕಿರಾ’ ಸಿನಿಮಾ ನಿಂತೋಯ್ತು ತಾತ. ಕಟ್ಸುಹಿರೊ ಒಟೊಮೊ ಅವರ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್. ವಾರ್ನರ್ ಬ್ರದರ್ಸ್ 2002ರಲ್ಲೇ ಹಕ್ಕು ತಗೊಂಡಿತ್ತು.

ತಾತ: ಪಾಪ, ಎಷ್ಟು ಶೂಟಿಂಗ್ ಆಗಿತ್ತು?

ಮೊಮ್ಮಗ: ಶುರುವೇ ಆಗಿರಲಿಲ್ಲ.

ತಾತ: ಶುರುವಾಗದ್ದು ನಿಂತಿದ್ದು ಹೇಗೋ?

ಮೊಮ್ಮಗ: ನಿರ್ದೇಶಕರೇನೋ ಬರ್ತಾನೇ ಇದ್ರು. ನಾರಿಂಗ್ಟನ್, ಹ್ಯೂಸ್, ಟೈಕಾ ವೈಟಿಟಿ...

ತಾತ: ಉಪ್ಪಿಟ್ಟು, ಕೇಸರಿಬಾತು ತಿಂದು ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂದ್ರಾ?

ಮೊಮ್ಮಗ: ವೈಟಿಟಿ ‘ಥಾರ್’ ಸಿನಿಮಾದ ಮನೆಗೆ ಹೋದ್ರು. ಒಂದ್ಸಲ ಕಥೆಯನ್ನೇ ಟೋಕಿಯೊದಿಂದ ಮ್ಯಾನ್‌ಹಟನ್‌ಗೆ ಸಾಗಿಸಿದ್ರು.

ತಾತ: ಅಲ್ಲಿ ಬಾಡಿಗೆ ಕಡಿಮೆಯೇನೋ.

ಮೊಮ್ಮಗ: 2021ರ ಮೇ 21ಕ್ಕೆ ಬಿಡುಗಡೆ ಅಂತಲೂ ಘೋಷಿಸಿದ್ರು!

ತಾತ: ಮಾಂಗಾ ತೋರಿಸಿ ಮಂಗ ಮಾಡಿದ್ರು ಅನ್ನು.

ಮೊಮ್ಮಗ: ಕ್ಯಾಲಿಫೋರ್ನಿಯಾದಲ್ಲಿ 1 ಕೋಟಿ 85 ಲಕ್ಷ ಡಾಲರ್ ತೆರಿಗೆ ರಿಯಾಯಿತಿ ಮಂಜೂರಾಗಿತ್ತು.

ತಾತ: ತೆರೆಗೆ ಬರದಿದ್ರೂ ತೆರಿಗೆವರೆಗೆ ಬಂತಲ್ಲ, ಸಂತೋಷ. ಕಾರ್ಟೂನಾಗಾದ್ರೂ ಬಂದಿತ್ತಾ?

ಮೊಮ್ಮಗ: 1988ರಲ್ಲೇ, ಒಟೊಮೊ ಅವರೇ ನಿರ್ದೇಶಿಸಿದ್ರು. ಅದ್ಭುತ!

ತಾತ: ಓಹೋ, ಅದಕ್ಕೇ ರಿಪೇರಿಗೆ ಹೊರಟಿದ್ರು.

ಮೊಮ್ಮಗ: ಭವಿಷ್ಯದ ಕಥೆ ತಾತ. 2019ರಲ್ಲಿ ನಡೆಯುತ್ತೆ.

ತಾತ: ಹಾಗಾದ್ರೆ ಇನ್ನು ಪೌರಾಣಿಕ ಅಂತಲೇ ತೆಗೀಬಹುದು ಬಿಡು.

ಮೊಮ್ಮಗ: ತೆಗೆಯೋರ್ಯಾರು? 2025ರಲ್ಲಿ ಹಕ್ಕು ವಾಪಸ್ ಜಪಾನಿನ ಕೊಡಾನ್ಶಾ ಪ್ರಕಾಶನಕ್ಕೆ ಹೋಯ್ತು.

ತಾತ: ಒಳ್ಳೇದೇ ಆಯ್ತು. ಸೀಲೇ ಒಡೆದಿಲ್ಲವಲ್ಲ, ಇನ್ನೊಬ್ಬರಿಗೆ ಹೊಸದು ಅಂತಲೇ ಮಾರ್ಲಿ.